ಸೋಮವಾರದವರೆಗೆ ತಡೆದ ನೀರು

ಸರ್ಕಾರದ ಕಾಗದದಲ್ಲಿ ಕೆರೆ ಒಡೆದದ್ದು ಭಾನುವಾರ ಬೆಳಿಗ್ಗೆ ಆರು ಇಪ್ಪತ್ತಕ್ಕೆ. ನನ್ನ ಪ್ರಕಾರ ಅದು ಒಡೆಯಲು ಶುರುವಾದದ್ದು ಅದಕ್ಕೂ ಎರಡು ದಿನ ಮೊದಲು, ಶುಕ್ರವಾರ ಸಂಜೆ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ. ನಿಮಿಷದ ಸಮೇತ ಹೇಳಲು ಕಾರಣ, ಆಗ ನಾನು ಚಳ್ಳಕೆರೆಗೆ, ಅಪ್ಪನಿಗೆ ಮಾಡಿದ ಫೋನು. "ಅಪ್ಪ, ಮಂಡಿಯಲ್ಲಿ ಖಾಲಿ ಗೋಣಿಚೀಲ ಇದಾವಾ?" ಎಂದು ಕೇಳಿದ್ದೆ. ಆ ಕರೆಯ ಗುರುತು ನನ್ನ ಮೊಬೈಲಿನಲ್ಲಿ ಬಹಳ ದಿನ ಇತ್ತು. ಅಳಿಸಲು ಕೈ ಬರಲಿಲ್ಲ.

ಹೋದ ವಾರ ನಮ್ಮ ಮಂಡಿಯ ಮುಂದೆ ಲಾರಿಯಿಂದ ಶೇಂಗಾ ಇಳಿಸುತ್ತಿದ್ದಾಗ ಮಳೆ ಬಂತು. ಹಮಾಲರು ತಾಡಪಾಲು ಹೊದಿಸುವಷ್ಟರಲ್ಲಿ ಚೀಲಗಳು ನೆನೆದಿದ್ದವು. ನೆನೆದ ಗೋಣಿಗೆ ಒಂದು ವಾಸನೆ ಇದೆ. ಹಳೆಯ ಶೇಂಗಾ ಸಿಪ್ಪೆಯ ಧೂಳು, ಮಣ್ಣು, ಎಣ್ಣೆ ಎಲ್ಲ ಸೇರಿದ ವಾಸನೆ. ಅದು ಮೂಗಿಗೆ ಬಡಿದದ್ದೇ ನಾನು ಮೆಟ್ಟಿಲ ಮೇಲೆ ಕೂತುಬಿಟ್ಟೆ. ಅಪ್ಪ ನೋಡಿದರು. ಹಮಾಲರ ಕಡೆ ತಿರುಗಿ, "ಚೀಲ ಹಿತ್ತಲಿಗೆ ಸಾಗಸ್ರಪ್ಪ, ಇಲ್ಲಿ ಬ್ಯಾಡ" ಅಂದರು.

ಎಂ.ಎಸ್‌.ಡಬ್ಲ್ಯೂ. ಮುಗಿಸಿ ಎರಡು ವರ್ಷ ಮನೆಯಲ್ಲಿದ್ದ ಮೇಲೆ ನನಗೆ ಸಿಕ್ಕ ಮೊದಲ ಒಳ್ಳೆಯ ಕೆಲಸ ಆ ಕೆರೆಯದು. ಹವಾಮಾನ ಬದಲಾವಣೆಯನ್ನು ಎದುರಿಸಲು ಪುಟ್ಟ ದ್ವೀಪದೇಶಗಳಿಗೆ ನೆರವು ಕೊಡುತ್ತಿದ್ದ ಒಂದು ಅಭಿವೃದ್ಧಿ ಬ್ಯಾಂಕು, ಅದೇ ಯೋಜನೆಯ ಒಂದು ತುಂಡನ್ನು ನಮ್ಮ ಒಣ ಸೀಮೆಗೂ ತಂದಿತ್ತು. ಅಲ್ಲಿ ಪೆಸಿಫಿಕ್ ಸಾಗರದ ನಡುವೆ ಅವರ ದುಡ್ಡಿನಲ್ಲಿ ಕಡಲಗೋಡೆ ಕಟ್ಟುತ್ತಿದ್ದರು, ಚಾವಣಿಯ ಮಳೆನೀರು ಹಿಡಿಯುವ ತೊಟ್ಟಿ ಮಾಡುತ್ತಿದ್ದರು. ಇಲ್ಲಿ ಮೊಳಕಾಲ್ಮೂರು ಕಡೆಯ ಹಳೆಯ ಕೆರೆಗಳ ದುರಸ್ತಿ. ಮಳೆಯನ್ನು ನಂಬಿ ಕೆಟ್ಟ ಎರಡು ಕಡೆಯ ಜನ ಒಬ್ಬರಿಂದ ಒಬ್ಬರು ಕಲಿಯಲಿ ಎಂಬುದು ಬ್ಯಾಂಕಿನವರ ಯೋಚನೆ. ನಾನು ಒಂದು ಹಟ್ಟಿಯ ಕೆರೆ ಸಮಿತಿಗೆ ಸಂಯೋಜಕಿ. ಹಟ್ಟಿಯ ಹೆಸರು ಬರೆಯುವುದಿಲ್ಲ. ಅಲ್ಲಿಯವರೂ ಅದನ್ನು ಬರೀ ಹಟ್ಟಿ ಎಂದೇ ಅನ್ನುತ್ತಾರೆ. ರಾಂಪುರದಲ್ಲಿ ಬಾಡಿಗೆ ಮನೆ ಹಿಡಿದು ದಿನಾ ಸ್ಕೂಟಿಯಲ್ಲಿ ಹೋಗಿಬರುತ್ತಿದ್ದೆ.

ಯೋಜನೆಯ ಫಾರಂಗಳು ದ್ವೀಪಗಳಿಗೆಂದು ಮಾಡಿದವು, ನಮಗೂ ಅವೇ ಬಂದಿದ್ದವು. 'ಸಮುದ್ರದಿಂದ ದೂರ' ಎಂದೊಂದು ಸಾಲಿತ್ತು. ಏನು ಬರೆಯುವುದೆಂದು ಸಭೆಯಲ್ಲಿ ಕೇಳಿದಾಗ ಓಬಜ್ಜ, "ಬಾಳ ದೂರ ಅಂತ ಬರಿಯವ್ವ. ನಮ್ ಪೈಕಿ ಯಾರೂ ನೋಡಿಲ್ಲ ಅಂತನೂ ಬರಿ" ಅಂದ.

ಓಬಜ್ಜ ಆ ಕೆರೆಯ ನೀರುಗಂಟಿ. ಕೆರೆಯ ನೀರನ್ನು ಯಾವ ಹೊಲಕ್ಕೆ ಎಷ್ಟು ಹೊತ್ತು ಬಿಡಬೇಕು, ತೂಬು ಯಾವಾಗ ತೆಗೆಯಬೇಕು, ಏರಿಯಲ್ಲಿ ಎಲ್ಲಿ ಇಲಿ ಬಿಲ ಮಾಡಿದೆ ಎಂದು ನೋಡುವುದು ಅವರ ಮನೆತನದ ಕೆಲಸ. ಕೆರೆ ತುಂಬದೆ ಎಷ್ಟೋ ವರ್ಷವಾಗಿ, ಆ ಕೆಲಸವೇ ಇಲ್ಲದಂತಾಗಿತ್ತು. ಆದರೂ ಅವನು ದಿನಾ ಬೆಳಿಗ್ಗೆ ಬಿದಿರುಕೋಲು ಹಿಡಿದು ಒಣ ಏರಿಯ ಮೇಲೆ ಈ ತುದಿಯಿಂದ ಆ ತುದಿಗೆ ನಡೆದು ಬರುತ್ತಿದ್ದ. ಬ್ಯಾಂಕಿನ ಫಾರಂನಲ್ಲಿ ಅಧ್ಯಕ್ಷ, ಕಾರ್ಯದರ್ಶಿ, ಸದಸ್ಯರು ಇದ್ದರು, ನೀರುಗಂಟಿ ಇರಲಿಲ್ಲ. ನಾನು ಮೂರು ಸಲ ಪತ್ರ ಬರೆದು ಆ ಹೆಸರು ಸೇರುವಂತೆ ಮಾಡಿದೆ. ಅಂದಿನಿಂದ ಓಬಜ್ಜನಿಗೆ ನನ್ನ ಮಾತೆಂದರೆ ಮಾತು. ಆಗ ಅದು ನನಗೆ ಹೆಮ್ಮೆಯ ವಿಷಯವಾಗಿತ್ತು.

ಜೂನ್‌ನಲ್ಲಿ ರೂತಾ ಬಂದರು. ಐವತ್ತರ ಆಸುಪಾಸಿನ ಹೆಂಗಸು, ದಪ್ಪ ಜಡೆ, ನಗುವಾಗ ಇಡೀ ಮೈ ನಗುತ್ತಿತ್ತು. ತಮ್ಮ ದ್ವೀಪದ ನೀರಿನ ಇಲಾಖೆಯ ಎಂಜಿನಿಯರು. ಜೊತೆಗೆ ಬಂದ ಇಬ್ಬರು ಹದಿನೈದು ದಿನಕ್ಕೆ ವಾಪಸಾದರು. ಕೆರೆ ತುಂಬುವುದನ್ನು ನೋಡಿಯೇ ಹೋಗುತ್ತೇನೆ ಎಂದು ಇವರು ಉಳಿದರು. ನನ್ನ ಜೊತೆಗೇ ರಾಂಪುರದ ಮನೆಯಲ್ಲಿ. ಇಂಗ್ಲಿಷಿನಲ್ಲಿ ಅವರು ಹೇಳಿದ್ದನ್ನು ಹಟ್ಟಿಯವರಿಗೆ, ಹಟ್ಟಿಯವರು ಹೇಳಿದ್ದನ್ನು ಅವರಿಗೆ ದಾಟಿಸುವುದು ನನ್ನ ಕೆಲಸವಾಯಿತು.

ಮೊದಲ ದಿನ ಏರಿಯ ಮೇಲೆ ಓಬಜ್ಜ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿ ಕೇಳಿದ: "ಸುತ್ತ ಸಮುದ್ರ ಐತೆ ಅಂತಾಳೆ, ಕುಡಿಯಾಕ್ ನೀರಿಲ್ಲ ಅಂತಾಳೆ. ಇದೆಂಗವ್ವ?"

ರೂತಾ ಹೇಳಿದ್ದನ್ನು ನಾನು ಹೇಳಿದೆ. ಅವರ ಊರಿನ ಬಾವಿಗಳಿಗೆ ಈಗ ನೆಲದಡಿಯಿಂದ ಕಡಲು ಬಂದಿದೆ. ಅವರ ಅಮ್ಮ ಚಹಾಕ್ಕೆ ಸೇದುತ್ತಿದ್ದ ಬಾವಿಯ ನೀರು ಹಾಕಿದರೆ ಈಗ ತೆಂಗಿನ ಸಸಿಯೂ ಸಾಯುತ್ತದೆ.

ಓಬಜ್ಜ ಕೋಲನ್ನು ನೆಲಕ್ಕೆ ಊರಿ ಅಂದ: "ಹಂಗಾರೆ ನಮ್ದೇ ವಾಸಿ. ನಮ್ ಬಾವಿ ಇದ್ರೆ ಐತೆ ಅಂತೈತೆ, ಇಲ್ದಿದ್ರೆ ಇಲ್ಲ ಅಂತೈತೆ. ಸುಳ್ ಹೇಳಲ್ಲ."

ಅದನ್ನು ಕೇಳಿ ರೂತಾ ನಕ್ಕ ನಗುವಿಗೆ ಏರಿಯ ಕೆಳಗೆ ಮೇಯುತ್ತಿದ್ದ ಕುರಿಗಳು ತಲೆ ಎತ್ತಿದವು. ಅಂದಿನಿಂದ ಇಬ್ಬರೂ ನನ್ನ ನೆರವಿಲ್ಲದೆ ಮಾತಾಡತೊಡಗಿದರು. ಅವನದು ಕನ್ನಡ, ನಡುವೆ ತೆಲುಗು. ಅವರದು ಇಂಗ್ಲಿಷು, ನಡುವೆ ಅವರ ಭಾಷೆ. ಹೇಗೆ ಅರ್ಥವಾಗುತ್ತಿತ್ತೋ. "ರೂತಮ್ಮಗೆ ನೀರಿನ್ ಕೆಲಸ ಗೊತ್ತೈತೆ. ಗೊತ್ತಿದ್ದೋರಿಗೆ ಮಾತು ಯಾಕೆ?" ಅನ್ನುತ್ತಿದ್ದ. ಅವನ ಹೆಂಡತಿ ಮಾರಜ್ಜಿ ಮಾತ್ರ ಬಿಡುತ್ತಿರಲಿಲ್ಲ. "ನನ್ ಕೂಡೆ ನಲವತ್ತು ವರ್ಷದಾಗೆ ಇಷ್ಟು ಮಾತಾಡಿಲ್ಲ ಇವ್ನು. ಅದ್ಯಾವ್ದೋ ಭಾಷೆನೇ ಕಲ್ತಿದ್ರೆ ಚಂದಿತ್ತು ನಾನೂ" ಎಂದು ಮುದ್ದೆ ಕಟ್ಟುತ್ತ ಚುಚ್ಚುತ್ತಿದ್ದಳು.

ಒಂದು ಮಧ್ಯಾಹ್ನ ಏರಿಯ ಹುಣಸೆಮರದ ಕೆಳಗೆ ರೂತಾ ತಮ್ಮ ಗೋಡೆಯ ಕಥೆ ಹೇಳಿದರು. ಬ್ಯಾಂಕಿನ ನೆರವಿನಲ್ಲಿ ಅವರ ದ್ವೀಪದ ಸುತ್ತ ಕಡಲಗೋಡೆ ಎದ್ದಿತು. ಮಳೆಯ ನೀರು ಹೊರಗೆ ಹೋಗಲೆಂದು ಗೋಡೆಯಲ್ಲಿ ಅಲ್ಲಲ್ಲಿ ಕಂಡಿ ಬಿಟ್ಟಿದ್ದರು. ದೊಡ್ಡ ಉಬ್ಬರದ ದಿನ ಅದೇ ಕಂಡಿಯಿಂದ ಕಡಲು ಒಳಗೆ ಇಣುಕುತ್ತದೆ ಎಂದು ಜನ ಹೆದರಿದರು, ಮುಚ್ಚಿಸಿ ಎಂದು ಬಂದು ಕೇಳಿದರು. ರೂತಾ ಒಪ್ಪಿ ಸಹಿ ಹಾಕಿದರು. ಮುಂದಿನ ವರ್ಷ ಉಬ್ಬರ ಗೋಡೆಯನ್ನೇ ಹತ್ತಿ ಒಳಗೆ ಬಂತು. ಬಂದ ನೀರಿಗೆ ವಾಪಸು ಹೋಗಲು ದಾರಿಯಿರಲಿಲ್ಲ. ಮೂರು ದಿನ ಊರೊಳಗೆ ನಿಂತಿತು. ರೂತಾರ ಅಕ್ಕನ ಮನೆಯವರು ಕೆಸು ಬೆಳೆಯುತ್ತಿದ್ದ ಗುಂಡಿಗಳೆಲ್ಲ ಕೊಳೆತವು. ಕೊನೆಗೆ ಜನರೇ ಸುತ್ತಿಗೆ ತಂದು ಗೋಡೆ ಒಡೆದರು.

ಓಬಜ್ಜ ಬೀಡಿ ಆರಿಸಿ ಅಂದ: "ಬರೋ ನೀರಿಗೆ ದಾರಿ ಕೊಡ್ದಿದ್ರೂ ನಡೀತೈತೆ. ಹೋಗೋ ನೀರಿಗೆ ಕೊಡ್ಲೇಬೇಕು."

ಅದನ್ನು ಇಂಗ್ಲಿಷಿಗೆ ದಾಟಿಸಿದವಳು ನಾನೇ. ಡೈರಿಯಲ್ಲಿ ಬರೆದುಕೊಂಡವಳೂ ನಾನೇ. ಗೊತ್ತಿರಲಿಲ್ಲ ಎಂದು ನಾನು ಹೇಳುವಂತಿಲ್ಲ.

ಆ ವರ್ಷ ಹುಬ್ಬೆ, ಉತ್ತರೆ ಮಳೆ ಎರಡೂ ಹುಸಿಹೋದವು. ಹಸ್ತ ಶುರುವಾಗಿ ನಾಲ್ಕನೆಯ ದಿನ ಬಿದ್ದ ಮಳೆಗೆ ಕೆರೆಯಂಗಳದಲ್ಲಿ ಮೊಣಕಾಲುದ್ದ ನೀರು ನಿಂತಿತು. ಆಮೇಲೆ ಮಳೆ ನಿಲ್ಲಲಿಲ್ಲ. ಚಿತ್ತೆಯಲ್ಲಿ ದಿನ ಬಿಟ್ಟು ದಿನ. ಒಣಗಿ ಬಿರುಕುಬಿಟ್ಟ ಅಂಗಳ, ಜಾಲಿಗಿಡಗಳು, ಕ್ರಿಕೆಟ್ ಆಡಲು ನೆಟ್ಟ ಕೋಲುಗಳು ಒಂದೊಂದಾಗಿ ಮುಳುಗಿದವು. ಎಲ್ಲಿಂದಲೋ ಬಿಳಿ ಹಕ್ಕಿಗಳು ಬಂದವು. ಪರಶುರಾಂಪುರ, ನನ್ನಿವಾಳದ ಕಡೆಯ ನೆಂಟರು ಟ್ರ್ಯಾಕ್ಟರ್ ಮಾಡಿಕೊಂಡು ನೀರು ನೋಡಲು ಬಂದರು. ಅಧ್ಯಕ್ಷ ರುದ್ರಪ್ಪನವರು, ಏರಿಯ ಕೆಳಗೆ ಒಳ್ಳೆಯ ಜಮೀನಿದ್ದ ಗಟ್ಟಿ ಮನುಷ್ಯ, ದಿನಾ ಸಂಜೆ ಏರಿಯ ಮೇಲೆ ಕುರ್ಚಿ ಹಾಕಿಸಿಕೊಂಡು ಕೂರತೊಡಗಿದರು. ಸುಮ್ಮನೆ ನೋಡುತ್ತ ಕೂರುವುದು, ಅಷ್ಟೆ.

ಕೆರೆಯ ಒಂದು ತುದಿಯಲ್ಲಿ ಏರಿಗಿಂತ ತಗ್ಗಾಗಿ ಕಟ್ಟಿದ ಕಲ್ಲಿನ ಕಟ್ಟೆಯೇ ಕೋಡಿ. ತುಂಬಿ ಹೆಚ್ಚಾದ ನೀರು ಅದರ ಮೇಲೆ ಹಾದು ಹಳ್ಳಕ್ಕೆ ಹೋಗುತ್ತದೆ, ಏರಿ ಉಳಿಯುತ್ತದೆ. ಹಟ್ಟಿಯಲ್ಲಿ ಕೋಡಿ ಬೀಳುವುದೆಂದರೆ ಗಂಗಮ್ಮನ ಪೂಜೆ. ಹೆಂಗಸರು ಬಾಗಿನ ಕೊಟ್ಟಾದ ಮೇಲೆ ಮೊದಲ ನೀರು ಕೋಡಿ ದಾಟಬೇಕು. ಅದಕ್ಕೆ ಮೊದಲೇ ದಾಟಿದರೆ ಮನೆಮಗಳನ್ನು ಬರಿಗೈಲಿ ಕಳಿಸಿದ ಹಾಗೆ. ಆ ಪೂಜೆಗೆ ಸೋಮವಾರವೇ ಆಗಬೇಕು. ಸೋಮವಾರಕ್ಕೆ ಕಾಯದೆ ನೀರು ಬಂದರೆ ನೀರುಗಂಟಿ ಒಬ್ಬನೇ ಹೋಗಿ ಅರಿಶಿನ ಕುಂಕುಮ ಬಿಟ್ಟು ಕೈಮುಗಿದು ಬರುವುದೂ ಉಂಟಂತೆ. ಅದು ಓಬಜ್ಜನಿಗೆ ಮಾತ್ರ ನೆನಪಿತ್ತು.

ಆ ಶುಕ್ರವಾರ ನೀರು ಕೋಡಿಗೆ ಒಂದು ಗೇಣು ಕೆಳಗಿತ್ತು. ಬ್ಯಾಂಕಿನ ತಂಡ ಸೋಮವಾರ ಬೆಳಿಗ್ಗೆ ಬರುವುದಿತ್ತು, ಜೊತೆಗೆ ಮೂರು ದ್ವೀಪದೇಶಗಳ ಅಧಿಕಾರಿಗಳು. ಮುಂದಿನ ಹಂತದ ನೆರವು ಹೇಗಿರಬೇಕೆಂದು ನಮ್ಮ ಕೆರೆ ನೋಡಿ ತೀರ್ಮಾನಿಸುತ್ತಾರೆ ಎಂಬ ಮಾತಿತ್ತು. ನಾನು ಆಗಲೇ ಅವರಿಗೆ ಬರೆದುಬಿಟ್ಟಿದ್ದೆ: ನನ್ನ ವಯಸ್ಸಿನವರು ಯಾರೂ ಕಾಣದ ಕೋಡಿಯನ್ನು, ಹೆಂಗಸರ ಬಾಗಿನವನ್ನು ನೀವು ಕಣ್ಣಾರೆ ನೋಡುವಿರಿ ಎಂದು. ರೂತಾ ಹಲ್ಲುನೋವೆಂದು ಚಳ್ಳಕೆರೆಗೆ ಹೋಗಿ ನಮ್ಮ ಮನೆಯಲ್ಲಿ ಅವ್ವನ ಉಪಚಾರದಲ್ಲಿದ್ದರು.

ಏರಿಯ ಮೇಲೆ ಸಮಿತಿಯವರೆಲ್ಲ ನಿಂತಿದ್ದೆವು. ಇವತ್ತು ರಾತ್ರಿಯೋ ನಾಳೆಯೋ ಕೋಡಿ ಬೀಳುತ್ತದೆ ಎಂದು ಓಬಜ್ಜ ಹೇಳಿದ. ಆಗ ಆ ಮಾತು ನನ್ನ ಬಾಯಿಂದ ಬಂತು.

"ಸೋಮವಾರದವರೆಗೆ ತಡೆಯೋಕಾಗಲ್ವಾ ಅಜ್ಜ?"

ಓಬಜ್ಜ ನೀರನ್ನೇ ನೋಡುತ್ತ ಅಂದ: "ತಡೀಬೋದು. ತಡೀಬಾರ್ದು."

"ಲೇ ಓಬಯ್ಯ, ಎರಡು ದಿನ ಕಣೋ," ರುದ್ರಪ್ಪನವರು ಅಂದರು. "ಚೀಲ ಅಡ್ಡ ಇಟ್ರೆ ಕೆರೆ ಏನ್ ಓಡೋಗ್ತೈತಾ?"

"ಓಡ್ಬೇಕಾಗೋದು ಕೆರೆ ಅಲ್ರಿ ರುದ್ರಪ್ಪೋರೆ, ನಾವು."

ಎಲ್ಲರೂ ನಕ್ಕರು. ನಾನೂ ನಕ್ಕೆ. ಓಬಜ್ಜ ನನ್ನ ಕಡೆ ತಿರುಗಿದ. "ನೀನೇನಂತೀಯವ್ವ?"

ನಾನು ಮೊಬೈಲಿನಲ್ಲಿ ಹವಾಮಾನ ತೆಗೆದು ತೋರಿಸಿದೆ. ಶನಿವಾರ, ಭಾನುವಾರ ಎರಡು ದಿನವೂ ಸಣ್ಣ ಮೋಡದ ಚಿತ್ರವಿತ್ತು, ಹನಿ ಇರಲಿಲ್ಲ. "ಎರಡೇ ದಿನ ಅಜ್ಜ. ಮಳೆ ಇಲ್ಲ ಅಂತಿದೆ. ಹೆಣ್ಣುಮಕ್ಕಳಿಗೂ ಪೂಜೆಯ ಆಸೆ ಇದೆ."

ಅವನು ಮೊಬೈಲು ನೋಡಲಿಲ್ಲ. ನನ್ನ ಮುಖ ನೋಡಿದ. "ಆತು. ನೀನ್ ಹೇಳಿದ್ಮ್ಯಾಲೆ."

ನಾನು ಅಪ್ಪನಿಗೆ ಫೋನು ಮಾಡಿದೆ. ಕತ್ತಲಾಗುವಷ್ಟರಲ್ಲಿ ನಮ್ಮ ಮಂಡಿಯ ಗೋಣಿಚೀಲಗಳು ಟೆಂಪೋದಲ್ಲಿ ಬಂದವು. ಮರಳು ತುಂಬಿ ಕೋಡಿಯ ಉದ್ದಕ್ಕೂ ಎರಡು ವರಸೆ ಇಟ್ಟರು. ಮೊದಲ ಚೀಲ ಇಟ್ಟವನು ಓಬಜ್ಜನೇ. ಬೇರೆಯವರು ಇಟ್ಟರೆ ನೀರು ಸೋರುತ್ತದೆ, ಇಡುವುದಾದರೆ ನೆಟ್ಟಗೆ ಇಡಬೇಕು ಎಂದು.

ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ರೂತಾ ಚಳ್ಳಕೆರೆಯಿಂದ ನೇರ ಹಟ್ಟಿಗೆ ಬಂದರು. ಕೆನ್ನೆ ಇನ್ನೂ ಊದಿತ್ತು. ಕೋಡಿಯ ಮೇಲಿನ ಚೀಲ ನೋಡಿ ಅಲ್ಲೇ ನಿಂತರು. ಕಟ್ಟೆಯ ಪಕ್ಕಕ್ಕೆ ಹೋಗಿ, ಏರಿಯೂ ಕೋಡಿಯೂ ಸೇರುವ ಮೂಲೆಯಲ್ಲಿ ಹೊಸದಾಗಿ ತುಂಬಿದ ಮಣ್ಣಿಗೆ ಕೈ ಒತ್ತಿ ನೋಡಿದರು. ಆ ಬೇಸಿಗೆಯಲ್ಲಿ ಯೋಜನೆಯವರೇ ಹಾಕಿಸಿದ ಮಣ್ಣು, ಇನ್ನೂ ಕೂತಿರಲಿಲ್ಲ. ಆಮೇಲೆ ರುದ್ರಪ್ಪನವರ ಕಡೆ ತಿರುಗಿ, ಒಂದೊಂದೇ ಶಬ್ದ ಬಿಡಿಸಿ ಇಂಗ್ಲಿಷಿನಲ್ಲಿ ಹೇಳಿದರು. ಇದನ್ನು ಇವತ್ತೇ ತೆಗೆಯಬೇಕು. ಈಗಲೇ. ಇಲ್ಲಿ ಮಳೆ ಬರಬೇಕೆಂದಿಲ್ಲ, ಮೇಲೆ ಎಲ್ಲಿ ಬಂದರೂ ಈ ಮೂಲೆ ನಿಲ್ಲುವುದಿಲ್ಲ. ಕೆಳಗೆ ಮನೆಗಳಿವೆ.

"ಏನಂತಾರೆ?" ರುದ್ರಪ್ಪನವರು ನನ್ನನ್ನು ಕೇಳಿದರು.

ನಾನು ಹೇಳಿದೆ: "ಸ್ವಲ್ಪ ಜೋಪಾನ ಅಂತಿದಾರೆ. ನೀರು ಹೆಚ್ಚಾದ್ರೆ ಚೀಲ ತೆಗೀಬೇಕಾಗುತ್ತೆ ಅಂತ."

"ತೆಗಿಯೋಣಂತೆ ಬಿಡಿ. ಹೆಚ್ಚಾಗ್ಲಿ."

ಓಬಜ್ಜ ಅಲ್ಲಿರಲಿಲ್ಲ, ತೂಬಿನ ಹತ್ತಿರ ಇದ್ದ. ಇದ್ದಿದ್ದರೆ ಅವನಿಗೆ ರೂತಾರ ಮುಖ ನೋಡಿಯೇ ಅರ್ಥವಾಗುತ್ತಿತ್ತು. ವಾಪಸು ಬರುವಾಗ ಸ್ಕೂಟಿಯ ಹಿಂದೆ ಕೂತ ರೂತಾ ಕೇಳಿದರು, "ನಾನು ಹೇಳಿದ್ದನ್ನು ಹಾಗೇ ಹೇಳಿದೆಯಾ?" ಗಾಳಿಯಲ್ಲೂ ಕೇಳಿಸಲಿ ಎಂದು ನಾನು ಜೋರಾಗಿಯೇ ಹೌದು ಅಂದೆ.

ಆ ರಾತ್ರಿ ರಾಂಪುರದಲ್ಲಿ ಹನಿ ಬೀಳಲಿಲ್ಲ. ಮಳೆಯಾದದ್ದು ಮೇಲಿನ ಗುಡ್ಡಗಳಲ್ಲಿ.

ಭಾನುವಾರ ಬೆಳಿಗ್ಗೆ ಐದು ನಲವತ್ತಕ್ಕೆ ಓಬಜ್ಜನ ಫೋನು. ಗಾಬರಿ ಇರಲಿಲ್ಲ ದನಿಯಲ್ಲಿ. "ಅವ್ವ, ಹಳ್ಳ ಕೆಂಪಗೆ ಬರ್ತೈತೆ. ಚೀಲ ಕೀಳ್ತೀನಿ. ಪೂಜೆ ಸೋಮಾರ ಆಗಲ್ಲ ಅಂತ ನೀನೇ ಒಂದ್ ಮಾತು ಹೇಳ್ಬಿಡು ಎಲ್ರಿಗೂ." ನಾನು ಏನಂದೆನೋ. ರೂತಾ ಆಗಲೇ ಚಪ್ಪಲಿ ಮೆಟ್ಟಿದ್ದರು.

ನಾವು ಹೋಗುವಷ್ಟರಲ್ಲಿ ಆರು ದಾಟಿತ್ತು. ಆಕಾಶ ತೊಳೆದಂತೆ ತಿಳಿಯಾಗಿತ್ತು, ಪೂರ್ವದಲ್ಲಿ ಬೆಳಕು. ಕೆರೆಯಲ್ಲಿ ನೀರು ಏರಿಯ ತಲೆಗೆ ಒಂದು ಮೊಳ ಕೆಳಗೆ, ಸದ್ದಿಲ್ಲದೆ ಏರುತ್ತಿತ್ತು. ಓಬಜ್ಜ ಕೋಡಿಯ ಮೇಲೆ ಸೊಂಟದವರೆಗಿನ ನೀರಿನಲ್ಲಿ ನಿಂತಿದ್ದ. ಸೊಂಟಕ್ಕೆ ಹಗ್ಗ. ಹಗ್ಗದ ಇನ್ನೊಂದು ತುದಿ ಏರಿಯ ಮೂಲೆಯಲ್ಲಿ ನಿಂತ ರುದ್ರಪ್ಪನವರ, ಮತ್ತಿಬ್ಬರ ಕೈಯಲ್ಲಿ. ನೆನೆದ ಚೀಲ ಎತ್ತಲು ಬರುತ್ತಿರಲಿಲ್ಲ, ಒಂದಕ್ಕೊಂದು ಕಚ್ಚಿಕೊಂಡಿದ್ದವು. ನೆಟ್ಟಗೆ ಇಟ್ಟಿದ್ದನಲ್ಲ. ಅವನು ಕುಡುಗೋಲಿನಿಂದ ಒಂದೊಂದೇ ಚೀಲದ ಹೊಟ್ಟೆ ಸೀಳುತ್ತಿದ್ದ. ಮರಳು ಸುರಿದು ಹೋಗಿ ಖಾಲಿ ಗೋಣಿ ನೀರಿನ ಜೊತೆ ಹಾರಿ ಹೋಗುತ್ತಿತ್ತು. ಏಳು, ಎಂಟು. ನೀರು ದಾರಿ ಸಿಕ್ಕು ಭೋರೆನ್ನತೊಡಗಿತು.

ರೂತಾ ಒಂದು ಸಲ ಆ ಮೂಲೆಯ ಮಣ್ಣು ನೋಡಿದರು. ಮರುಮಾತಿಲ್ಲದೆ ಏರಿ ಇಳಿದು ಕೆಳಗಿನ ಕೇರಿಯ ಕಡೆ ಓಡಿದರು. ಯಾರದೋ ಬಾಗಿಲಿನಲ್ಲಿದ್ದ ತಟ್ಟೆ ಎತ್ತಿಕೊಂಡು ಕಲ್ಲಿನಿಂದ ಬಡಿಯುತ್ತ, ತಮಗೆ ಗೊತ್ತಿದ್ದ ಒಂದೇ ಕನ್ನಡ ಮಾತನ್ನು, ಮಾರಜ್ಜಿ ಊಟಕ್ಕೆ ಕರೆಯುವಾಗ ಕೇಳಿ ಕಲಿತ "ಬರ್ರಿ, ಬರ್ರಿ" ಎಂಬುದನ್ನು ಕೂಗುತ್ತ ಮನೆಮನೆಗೆ ಹೋದರು. ಜನ ಅವರ ದನಿಗೆ ಹೆದರಿ ಎದ್ದು ಶಾಲೆಯ ಪಕ್ಕದ ಎತ್ತರದ ಬಂಡೆ ಹತ್ತಿದರು. ಆ ಕೇರಿಯಲ್ಲಿ ಒಬ್ಬರೂ ಸಾಯಲಿಲ್ಲ.

ನಾನು ಏನು ಮಾಡಿದೆ? ನಿಂತಿದ್ದೆ. ನಾಲ್ಕು ಮಾರು ದೂರದಲ್ಲಿ ನಿಂತು ನೋಡುತ್ತಿದ್ದೆ.

ಮೂಲೆಯ ಮಣ್ಣು ಮೊದಲು ಬೆವರಿದ ಹಾಗಾಯಿತು. ಆಮೇಲೆ ಒಂದು ಹಿಡಿಯಷ್ಟು ಜಾರಿತು, ಆಮೇಲೆ ಒಂದು ಬುಟ್ಟಿಯಷ್ಟು. ಹಗ್ಗ ಹಿಡಿದ ಮೂವರು ನಿಂತದ್ದು ಅದರ ಮೇಲೆಯೇ. ಅವರಿಗೆ ಕಾಲಕೆಳಗಿನದು ಕಾಣುತ್ತಿರಲಿಲ್ಲ. ಓಬಜ್ಜನಿಗೆ ಕಂಡಿತು. "ಹಗ್ಗ ಬಿಡ್ರಿ. ಹಿಂದಕ್ ಹೋಗ್ರಿ" ಅಂದ. ಅವರು ಬಿಡಲಿಲ್ಲ, ಇನ್ನೂ ಬಿಗಿ ಹಿಡಿದು ಎಳೆಯತೊಡಗಿದರು. ಅವನು ಇನ್ನೊಮ್ಮೆ ಹೇಳಲಿಲ್ಲ. ಕುಡುಗೋಲನ್ನು ಸೊಂಟದ ಹತ್ತಿರ ತಂದು ಹಗ್ಗವನ್ನು ಒಂದೇ ಎಳೆತಕ್ಕೆ ಕೊಯ್ದ. ಎಳೆಯುತ್ತಿದ್ದ ಮೂವರೂ ಹಿಂದಕ್ಕೆ, ಗಟ್ಟಿ ನೆಲದ ಮೇಲೆ ಅಂಗಾತ ಬಿದ್ದರು. ಅವರು ಏಳುವ ಮೊದಲೇ ಮೂಲೆ ಹೋಯಿತು, ಅದರ ಜೊತೆ ಕೋಡಿಯ ಅರ್ಧ, ಅದರ ಜೊತೆ ಅವನು.

ಈಗಲೂ ನನಗೆ ಕಾಣುವುದು ನೀರಲ್ಲ, ಆ ಕೈ. ಹುಲ್ಲು ಕೊಯ್ಯುವಷ್ಟು ಸಲೀಸಾಗಿ ಬಂದು ಹೋದ ಕೈ.

ಎರಡು ದಿನ ಹುಡುಕಿದೆವು. ಮಂಗಳವಾರ ಮಧ್ಯಾಹ್ನ ಆಂಧ್ರದ ಗಡಿಯಾಚೆ, ಹಳ್ಳದ ಬದಿಯ ಜಾಲಿಯಲ್ಲಿ ಸಿಕ್ಕಿದ. ಅಲ್ಲಿಯ ಒಬ್ಬ ಮುದುಕಿ ತನ್ನ ಕಂಬಳಿ ತಂದು ಮುಚ್ಚಿ ಪಕ್ಕದಲ್ಲೇ ಕೂತಿದ್ದಳು. ನನ್ನನ್ನು ನೋಡಿ, "ಮೀ ನಾಯನಾ ತಲ್ಲೀ?" ಎಂದು ಕೇಳಿದಳು. ನಿಮ್ಮಪ್ಪನಾ ಎಂದು. ನಾನು "ಅವುನು" ಅಂದೆ. ಇಲ್ಲ ಎನ್ನಲು ಆಗಲಿಲ್ಲ.

ಬ್ಯಾಂಕಿನವರು ಆ ಸೋಮವಾರ ಬರಲಿಲ್ಲ, ಹದಿನೈದು ದಿನ ಬಿಟ್ಟು ಬಂದರು. ಶಾಲೆಯಲ್ಲಿ ವಿಚಾರಣೆ. ಕೆರೆಯ ದುರಸ್ತಿ ಮಾಡಿದವರು, ಅಧಿಕಾರಿಗಳು, ಸಮಿತಿಯವರು, ರೂತಾ. ಎರಡೂ ಕಡೆಗೆ ಮಾತು ದಾಟಿಸಲು ನಾನು. ಕೋಡಿಗೆ ಅಡ್ಡ ಏನಾದರೂ ಇತ್ತೇ ಎಂದು ತಂಡದ ಮುಖ್ಯಸ್ಥ ಕೇಳಿದರು. ನಾನು ಕನ್ನಡದಲ್ಲಿ ಕೇಳಿದೆ. ರುದ್ರಪ್ಪನವರು ನನ್ನನ್ನೊಮ್ಮೆ ನೋಡಿ, ನೆಲ ನೋಡಿ, "ಏನೂ ಇರ್ಲಿಲ್ರಿ" ಅಂದರು. ಅವರ ಅಂಗೈಯಲ್ಲಿ ಹಗ್ಗದ ಗಾಯ ಇನ್ನೂ ಮಾಯ್ದಿರಲಿಲ್ಲ. ಉಳಿದವರೆಲ್ಲ ಕಿಟಕಿಯ ಕಡೆ ನೋಡಿದರು. ಊರಿಗೆ ಊರೇ ನನ್ನನ್ನು ಉಳಿಸಲು ನಿಂತಿತ್ತು. ನಾನು ಇಂಗ್ಲಿಷಿನಲ್ಲಿ, ಏನೂ ಇರಲಿಲ್ಲವಂತೆ, ಅಂದೆ. ಎದುರಿಗೆ ಕೂತಿದ್ದ ರೂತಾ ಕಣ್ಣು ಮುಚ್ಚಿಕೊಂಡರು. ಅಸಾಧಾರಣ ಮಳೆಯಿಂದ, ಹವಾಮಾನ ವೈಪರೀತ್ಯದಿಂದ ಕೆರೆ ಒಡೆದಿದೆ ಎಂದು ವರದಿಯಾಯಿತು.

ರೂತಾ ಊರಿಗೆ ಹೊರಟ ದಿನ ಚಳ್ಳಕೆರೆ ಬಸ್‌ ಸ್ಟ್ಯಾಂಡಿನಲ್ಲಿ ಬೆಂಗಳೂರಿನ ಬಸ್ಸಿಗೆ ಕಾಯುತ್ತಿದ್ದೆವು. ಅವ್ವ ಕಟ್ಟಿಕೊಟ್ಟಿದ್ದ ಹೋಳಿಗೆಯ ಡಬ್ಬಿ ಅವರ ಮಡಿಲಲ್ಲಿತ್ತು.

"ಅವತ್ತು ಶಾಲೆಯಲ್ಲಿ ನೀನೇ ಹೇಳಲಿ ಎಂದು ಕಾದೆ. ನಾನು ನೋಡಿದ್ದನ್ನು ನಾನು ಬರೆಯಬಲ್ಲೆ, ಬರೆಯುತ್ತೇನೆ ಕೂಡ," ರೂತಾ ಅಂದರು. "ಆ ಶನಿವಾರ ನೀನು ಅವರಿಗೆ ಹೇಳಿದ್ದು ಏನೆಂದು ನನಗೆ ಗೊತ್ತಿಲ್ಲ. ನಿಮ್ಮ ಭಾಷೆ ನನಗೆ ಬರುವುದಿಲ್ಲ. ಅದನ್ನು ನೀನೇ ಬರೆಯಬೇಕು."

ನಾನು ಬಸ್ಸು ಬರುವ ದಾರಿ ನೋಡಿದೆ.

"ಬರೀ ಮಳೆ ಎಂದು ಉಳಿದುಹೋದರೆ ಏನಾಗುತ್ತದೆ ಗೊತ್ತಾ? ನಮ್ಮ ಊರಿಗೆ ಇನ್ನೂ ಎತ್ತರದ ಗೋಡೆ ಕೊಡುತ್ತಾರೆ. ನಾವು ಸಂತೋಷದಿಂದ ತೆಗೆದುಕೊಳ್ಳುತ್ತೇವೆ." ಡಬ್ಬಿಯ ಮುಚ್ಚಳ ಒತ್ತುತ್ತ ಮತ್ತೆ ಅಂದರು, "ನನ್ನ ಸಹಿಯ ವಿಷಯ ಅಕ್ಕನಿಗೆ ಹೇಳಲು ನನಗೆ ಒಂದು ವರ್ಷ ಹಿಡಿಯಿತು. ನೀನು ಅಷ್ಟು ದಿನ ತೆಗೆದುಕೊಳ್ಳಬೇಡ."

ಬಸ್ಸು ಬಂತು. ಅವರು ಹತ್ತುವಾಗ ನನ್ನ ಕೆನ್ನೆ ಹಿಡಿದು ಅಲುಗಿಸಿದರು, ಮಗುವಿಗೆ ಮಾಡುವ ಹಾಗೆ.

ಆಮೇಲಿನ ತಿಂಗಳುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ರಾಂಪುರದ ಮನೆ ಬಿಟ್ಟು ಚಳ್ಳಕೆರೆಗೆ ಬಂದೆ. ಮಾಳಿಗೆಯ ಟ್ಯಾಂಕು ತುಂಬಿ ಪೈಪಿನಿಂದ ನೀರು ಸುರಿದರೂ ಎದ್ದು ಕೂರುತ್ತಿದ್ದೆ. ಅವ್ವ ನನ್ನ ಪಕ್ಕ ಹಾಸಿಕೊಂಡು ಮಲಗತೊಡಗಿದಳು. "ಕಣ್ಣು ಮುಚ್ಚಾರ ಮುಚ್ಚು. ನಿದ್ದೆ ಬರ್ದಿದ್ರೂ ಕಣ್ಣಿಗೆ ಆರಾಮಾಗ್ತೈತೆ" ಅನ್ನುತ್ತಿದ್ದಳು. ಕಣ್ಣು ಮುಚ್ಚಿದರೆ ಆ ಕೈ.

ಯುಗಾದಿ ಕಳೆದ ಮೇಲೆ ಒಂದು ದಿನ ಬಸ್ಸು ಹತ್ತಿ ಹಟ್ಟಿಗೆ ಹೋದೆ. ಮಾರಜ್ಜಿ ಮನೆಯ ಮುಂದೆ ಕೂತು ಬೀಜಕ್ಕೆ ಶೇಂಗಾ ಸುಲಿಯುತ್ತಿದ್ದಳು. ನಾನೂ ಕೂತು ಸುಲಿಯತೊಡಗಿದೆ. ಸುಮಾರು ಹೊತ್ತಾದ ಮೇಲೆ ಹೇಳಿದೆ, "ಅಜ್ಜಿ, ಚೀಲ ಇಡಿಸಿದ್ದು ನಾನು. ರೂತಮ್ಮ ತೆಗೀರಿ ಅಂದಿದ್ದನ್ನೂ ನಾನು ನೆಟ್ಟಗೆ ಹೇಳಲಿಲ್ಲ."

ಅವಳ ಕೈ ನಿಲ್ಲಲಿಲ್ಲ. "ಚೀಲದ್ದು ಗೊತ್ತವ್ವ. ಶುಕ್ರಾರ ಬಂದೇ ಹೇಳ್ದ. 'ಬ್ಯಾಡ ಅನ್ನಾಕ್ ಬಾಯಿ ಬರ್ಲಿಲ್ಲ ಕಣೇ, ಆ ಹುಡ್ಗಿ ಮುಖ ನೋಡಿ' ಅಂದ. ಉಣ್ಣಲೇ ಇಲ್ಲ ಆವತ್ತು." ಒಂದು ಕಾಯಿ ಒಡೆದಳು. "ರೂತಮ್ಮಂದು ಗೊತ್ತಿರ್ಲಿಲ್ಲ."

ನಾನು ಅತ್ತೆ. ಅವಳು ಸಮಾಧಾ‌ನ ಮಾಡಲಿಲ್ಲ. ಅಳು ಮುಗಿಯುವವರೆಗೆ ಕಾದಳು.

"ನನ್ ಮುಂದೆ ಅತ್ರೆ ಏನ್ ಬಂತು? ಮಳೆ ಕೊಂದ್ತು ಅಂತ ಬರ್ದಾರಂತಲ್ಲ. ಮಳೆ ಎಷ್ಟು ವರ್ಷಕ್ಕೆ ಬಂದಿತ್ತು, ಅದ್ರ ಮ್ಯಾಲೆ ಯಾಕ್ ಹಾಕ್ತೀರಿ? ಇವತ್ತು ನೀವು ಸುಮ್ಕಿದ್ರೆ ನಾಳೆ ಇನ್ನೊಂದ್ ಊರಾಗೆ ಇನ್ನೊಬ್ಬ ನೀರುಗಂಟಿ ಚೀಲ ಇಡ್ತಾನೆ. ಬರ್ದು ಕೊಡು. ನಾನೂ ಬರ್ತೀನಿ, ಹೆಬ್ಬೆಟ್ಟು ಒತ್ತಾಕೆ."

ಬರೆಯಲು ನನಗೆ ಒಂಬತ್ತು ದಿನ ಬೇಕಾಯಿತು. ಕನ್ನಡದಲ್ಲಿ ಒಂದು, ಇಂಗ್ಲಿಷಿನಲ್ಲಿ ಒಂದು. ಬರೆದದ್ದನ್ನು ಮೊದಲು ರುದ್ರಪ್ಪನವರಿಗೆ ಓದಿ ಹೇಳಿದೆ. ಅವರು ಕೊನೆಯವರೆಗೂ ಕೇಳಿ, "ನಮ್ ಹೆಸರೂ ಹಾಕವ್ವ. ನಿನ್ನೊಬ್ಬಳ್ದೇ ಯಾಕೆ?" ಎಂದು ಸಹಿ ಮಾಡಿದರು. ಅಪ್ಪನಿಗೆ ಹೇಳಿದಾಗ, "ಚೀಲ ನಮ್ ಮಂಡೀವು ಅಂತನೂ ಬರ್ದೀಯಾ?" ಎಂದು ಕೇಳಿದರು. ಬರೆದಿದ್ದೇನೆ ಅಂದೆ. ತಲೆಯಾಡಿಸಿದರು.

ಚಿತ್ರದುರ್ಗದ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು ಎರಡು ಸಲ ಓದಿ ತಲೆ ಎತ್ತಿದರು. "ಮೇಡಂ, ಫೈಲು ಮುಗ್ದೋಗಿದೆ. ಇದನ್ನ ಕೊಟ್ರೆ ನಿಮಗೇ ತೊಂದ್ರೆ."

ನಾನು ಬಾಯಿ ತೆರೆಯುವ ಮೊದಲೇ ಮಾರಜ್ಜಿ ಅಂದಳು, "ತೊಂದ್ರೆ ಆಗಿ ಆಗೈತಪ್ಪ. ಸೀಲು ಹೊಡಿ."

ಅವರು ಹೊಡೆದರು. ಇಂಗ್ಲಿಷಿನ ಪ್ರತಿಯನ್ನು ಅಲ್ಲೇ ಮೆಟ್ಟಿಲ ಮೇಲೆ ಕೂತು ಬ್ಯಾಂಕಿಗೂ ರೂತಾರಿಗೂ ಮೊಬೈಲಿನಲ್ಲಿ ಕಳಿಸಿದೆ. ಅದರಿಂದ ಏನೇನಾಯಿತು, ನನ್ನ ಕೆಲಸ ಹೇಗೆ ಹೋಯಿತು, ವರದಿಗೆ ಎರಡು ಪುಟ ಹೇಗೆ ಸೇರಿತು ಎಂಬುದೆಲ್ಲ ಆಮೇಲಿನದು. ಅವತ್ತು ನಾವಿಬ್ಬರೂ ಇಡ್ಲಿ ತಿಂದು ಬಸ್ಸು ಹತ್ತಿದೆವು. ಚಳ್ಳಕೆರೆಯಲ್ಲಿ ನಾನು ಇಳಿಯಬೇಕಿತ್ತು. ಮಾರಜ್ಜಿ ನನ್ನ ಸೆರಗಿನ ತುದಿಯನ್ನು ಕೈಗೆ ಸುತ್ತಿಕೊಂಡು ಕಿಟಕಿಗೆ ತಲೆಯಿಟ್ಟು ಕೂತಿದ್ದಳು. ನಾನು ಇಳಿಯಲಿಲ್ಲ. ಬಸ್ಸು ಮೊಳಕಾಲ್ಮೂರು ದಾಟುವಾಗ ರೂತಾರ ಉತ್ತರ ಬಂತು. "ಓದಿದೆ. ನಮ್ಮಲ್ಲಿ ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಊರವರಿಗೆಲ್ಲ ಓದಿ ಹೇಳುತ್ತೇನೆ. ಅವನ ಹೆಸರನ್ನು ಹೇಗೆ ಉಚ್ಚರಿಸಬೇಕೆಂದು ಸರಿಯಾಗಿ ಬರೆದು ಕಳಿಸು." ಮಾರಜ್ಜಿಗೆ ಹೇಳಿದೆ. ಅವಳು ಹೊರಗೆ ನೋಡುತ್ತ, "ಓಬಯ್ಯ ಅಂತ ಬರಿ. ಅಜ್ಜ ಅನ್ನೋದು ನಿಂಗೆ" ಅಂದಳು.

ಹಟ್ಟಿ ಸೇರಿದಾಗ ದೀಪ ಹಚ್ಚುವ ಹೊತ್ತು. ಮಾರಜ್ಜಿಯ ಸೊಸೆ ಮುದ್ದೆ ಮಾಡಿದ್ದಳು. ಉಂಡೆವು. "ಇನ್ನೆಲ್ಲಿ ಹೋಗ್ತೀಯಾ, ಇಲ್ಲೇ ಮಲಕ್ಕ" ಎಂದು ಮಾರಜ್ಜಿ ನಡುಮನೆಯಲ್ಲಿ ಚಾಪೆ ಹಾಸಿದಳು. ಕಳೆದ ಚಿತ್ತೆಯಿಂದ ತಾನೂ ಮೋಡ ಕಂಡರೆ ಎದ್ದು ಕೂರುತ್ತೇನೆ, ಬೆಳಗಿನವರೆಗೆ ಗೋಡೆಗೆ ಒರಗಿರುತ್ತೇನೆ ಎಂದು ಅವಳು ಹೇಳಿದ್ದು ಆಗಲೇ. ನಾನು ಏನೋ ಹೇಳಲು ಹೊರಟಿದ್ದೆ. ಏನೆಂದು ನೆನಪಿಲ್ಲ.

ಸೊಸೆ ಬಂದು ಎಬ್ಬಿಸಿದಾಗ ಬಿಸಿಲು ಹೊಸ್ತಿಲು ದಾಟಿ ಒಳಗೆ ಬಂದಿತ್ತು. ಮಾರಜ್ಜಿ ಪಕ್ಕದಲ್ಲಿ ಬಾಯಿ ತೆರೆದು ಮಲಗಿದ್ದಳು. ಅಂಗಳ ಒದ್ದೆಯಾಗಿತ್ತು. ರಾತ್ರಿ ಭರಣಿ ಮಳೆ ಹುಯ್ದಿತ್ತಂತೆ, ಗುಡುಗು ಮಿಂಚಿನ ಸಮೇತ, ಎರಡು ತಾಸು. ನಮಗಿಬ್ಬರಿಗೂ ಗೊತ್ತಾಗಿರಲಿಲ್ಲ.